ಬ್ಯಾಂಡ್, ಅಂಟು, ಮಾತ್ರೆ: ಮೂರನ್ನೂ ಕಂಡವನ ಹೋಲಿಕೆ

ಒಂದು ಬೆಳಿಗ್ಗೆ ಮಲ ಡಾಂಬರಿನ ಹಾಗೆ ಕಪ್ಪಗೆ ಬಂತು. ಮಧ್ಯಾಹ್ನದ ಹೊತ್ತಿಗೆ ರಕ್ತ ವಾಂತಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಮಡಿಲಲ್ಲಿ ಬಕೆಟ್ ಇಟ್ಟುಕೊಂಡೇ ಹೋದೆ. ಫ್ಯಾಟಿ ಲಿವರ್ ಸಿರೋಸಿಸ್‌ಗೆ ತಿರುಗಿತ್ತಂತೆ. ಹಾಗೆ ಲಿವರ್ ಗಾಯದ ಕಲೆಯಿಂದ ಗಟ್ಟಿಯಾದರೆ ಅದರೊಳಗೆ ಹೋಗಬೇಕಾದ ರಕ್ತ ಹಿಂದಕ್ಕೆ ಒತ್ತುತ್ತದೆ. ಅನ್ನನಾಳ, ಜಠರದ ರಕ್ತನಾಳಗಳು ಉಬ್ಬುತ್ತವೆ, ಒಡೆದರೆ ಹೀಗೆ ರಕ್ತ.

ಅನ್ನನಾಳಕ್ಕೆ ಬ್ಯಾಂಡ್ ಹಾಕಿದರು. ಎಂಡೋಸ್ಕೋಪ್ ಅಂದರೆ ಬಾಯಿಂದ ಇಳಿಸುವ ಕ್ಯಾಮೆರಾ ಕೊಳವೆ, ಅದರ ತುದಿಯಿಂದ ಉಬ್ಬಿದ ರಕ್ತನಾಳವನ್ನು ಹೀರಿ, ಬುಡಕ್ಕೆ ಪುಟ್ಟ ರಬ್ಬರ್ ಉಂಗುರ. ಎರಡು ದಿನ ಎದೆಯಲ್ಲಿ ಏನೋ ಸಿಕ್ಕಿಕೊಂಡ ಹಾಗಿತ್ತು. ಗಂಜಿ ಬಿಟ್ಟು ಏನೂ ಇಳಿಯಲಿಲ್ಲ. ಅಡುಗೆಮನೆಯಲ್ಲಿ ಕಡಂಬುಟ್ಟು (ಅಕ್ಕಿ ಕಡುಬು) ಬೇಯುತ್ತಿತ್ತು, ನಾನು ಸುಮ್ನೆ ವಾಸನೆ ನೋಡಿಕೊಂಡು ಕೂತಿದ್ದೆ. ಬ್ಯಾಂಡ್ ಹಾಕಿದ್ದು ಮೂರು ವಾರಕ್ಕೊಮ್ಮೆ, ಒಟ್ಟು ಮೂರು ಸಲ.

ಜಠರದ ಮೇಲ್ಭಾಗದ ನಾಳಕ್ಕೆ ಬ್ಯಾಂಡ್ ಬೇಡ ಅಂದರು ಡಾಕ್ಟರು. ಅಲ್ಲಿನ ನಾಳ ದಪ್ಪ, ಉಂಗುರ ಜಾರಿದರೆ ರಕ್ತ ಧಾರೆಯಾಗಿ ಹರಿಯಬಹುದು. ಅದಕ್ಕೆ ಸಯನೋಆಕ್ರಿಲೇಟ್ ಅಂಟಿನ ಇಂಜೆಕ್ಷನ್. ಕಿತ್ತ ಚಪ್ಪಲಿಗೆ ಹಾಕುವ ಫೆವಿಕ್ವಿಕ್‌ನ ದಾಯಾದಿ ಅದು, ರಕ್ತ ತಾಗಿದ ತಕ್ಷಣ ಗಟ್ಟಿ. ನೋವು ಅಂಥದ್ದೇನೂ ಆಗಲಿಲ್ಲ. ಆದರೆ ಅಂಟಿನ ತುಣುಕು ಶ್ವಾಸಕೋಶಕ್ಕೆ ಹೋಗುವ ಸಾಧ್ಯತೆ ಇದೆ ಅಂತ ಸಹಿ ಹಾಕುವ ಕಾಗದದಲ್ಲಿತ್ತು. ನನಗೆ ಕೇಳಿದರೆ ಅಂಟೇ ಸುಲಭ. ಆದರೆ ಯಾರು ಕೇಳುತ್ತಾರೆ? ಉಬ್ಬಿದ ನಾಳ ಎಲ್ಲಿದೆ ಅನ್ನುವುದರ ಮೇಲೆ ಎಲ್ಲ.

ಜಾಸ್ತಿ ಕಾಡಿದ್ದು ನಾಳಗಳ ಆ ಒತ್ತಡ ಇಳಿಸುವ ಮಾತ್ರೆ. ಪ್ರೊಪ್ರನೊಲಾಲ್ ತಗೊಂಡಾಗ ನಾಡಿ 58ಕ್ಕೆ ಇಳಿಯಿತು. ಡಾಕ್ಟರಿಗೆ ಬೇಕಿದ್ದದ್ದೂ 55ರಿಂದ 60. ನನಗೆ ಮಾತ್ರ ತೋಟದ ಏರು ಹತ್ತುವಾಗ ಕಾಲೇ ಬರುತ್ತಿರಲಿಲ್ಲ. ಆಮೇಲೆ ಕಾರ್ವೆಡಿಲಾಲ್, ಮೊದಲು 6.25, ನಂತರ 12.5 ಮಿ.ಗ್ರಾಂ. ಲಿವರ್ ಕಡೆಯ ಒತ್ತಡ ಇಳಿಸುವುದರಲ್ಲಿ ಇದು ಒಂದು ಕೈ ಮೇಲು, ಸುಸ್ತೂ ಕಡಿಮೆ. ಆದರೆ ಬಿಪಿಯನ್ನೂ ಇಳಿಸುತ್ತದೆ. ಮಾರ್ಚಿನಲ್ಲಿ ಮೆಣಸು ಕುಯ್ಯುವಾಗ, ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯ ನಾಲ್ಕನೇ ಮೆಟ್ಟಿಲಲ್ಲಿ ಕಣ್ಣು ಕತ್ತಲಾಯಿತು. ಬಳ್ಳಿ ತಬ್ಬಿಕೊಂಡು ನಿಂತೆ. ಇಳಿದು ನೋಡಿದರೆ ಬಿಪಿ ಮೇಲಿನದು 88. 90ರ ಕೆಳಗೆ ಹೋದರೆ ತಿಳಿಸಿ ಅಂದಿದ್ದರಲ್ವಾ, ಫೋನ್ ಮಾಡಿದೆ. ಮತ್ತೆ 6.25.

ಟಿಪ್ಸ್ (ಲಿವರ್ ಒಳಗೆ ಕೊಳವೆ ಇಟ್ಟು ರಕ್ತಕ್ಕೆ ಬೇರೆ ದಾರಿ ಮಾಡುವುದು), ಬಿಆರ್‌ಟಿಒ (ರಕ್ತನಾಳದ ಒಳಗಿಂದಲೇ ಹೋಗಿ ಉಬ್ಬಿದ ನಾಳ ಮುಚ್ಚುವುದು) ನಾನು ಮಾಡಿಸಿಲ್ಲ, ಅಂಟು ಕೈಕೊಟ್ಟರೆ ನೋಡೋಣ ಅಂದಿದ್ದಾರೆ. ಟಿಪ್ಸ್ ಒತ್ತಡ ಇಳಿಸುತ್ತದೆ, ಆದರೆ ತಲೆ ಮಂಕಾಗುವ ಅಪಾಯ ಇದೆ. ಬಿಆರ್‌ಟಿಒ ಜಠರದ ನಾಳ ಮುಚ್ಚುತ್ತದೆ, ಅನ್ನನಾಳದ ಮೇಲೆ ಒತ್ತಡ ಹೆಚ್ಚಬಹುದು.

ಈಗ ಏಣಿ ಹತ್ತುವುದು ತಮ್ಮ. ನಾನು ಬುಡ ಹಿಡಿದು, ಮೇಲಿನ ಗೊಂಚಲು ಬಿಟ್ಟೆ ಅಂತ ಬೈಯುತ್ತೇನೆ.