ಮರಿಕೋಳಿಗೆ ನೀರಿಡೋಕೆ ಯಾವುದು ಸರಿ: ಫೌಂಟೋ, ಕಪ್ಪೋ, ನಿಪ್ಪಲ್ಲೋ?

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಬಕೆಟ್ಟಿನ ತಳಕ್ಕೆ ಹಾಕೋ ನಿಪ್ಪಲ್‌ಗೆ. ಕಡ್ಡಿ ಕೆಳಮುಖವಾಗಿ ನೇತಾಡ್ತಿರುತ್ತಲ್ಲ, ಯಾವ ಕಡೆಯಿಂದ ತಳ್ಳಿದರೂ ನೀರು ಬಿಡುತ್ತಲ್ಲ, ಅದು. ಅಂಗಡಿಯಲ್ಲಿ 360 ಡಿಗ್ರಿ ನಿಪ್ಪಲ್ ಅಂತ ಕೇಳಿದರೆ ಕೊಡ್ತಾರೆ. ಉಳಿದ ಮೂರನ್ನೂ, ಅಂದರೆ ಫೌಂಟು, ಕಪ್ಪು, ಪಕ್ಕಕ್ಕೆ ಕೂರಿಸೋ ಸೈಡ್ ನಿಪ್ಪಲ್ಲು, ದುಡ್ಡು ಕೊಟ್ಟು ತಂದು ಮರಿಗಳ ಮುಂದೆ ಇಟ್ಟು ನೋಡಿದ ಮೇಲೇ ಈ ಮಾತು. ನಾನು ಸಾಕೋದು ಗಿರಿರಾಜ ತಳಿಯ ಕೋಳಿ, ಒಂದೊಂದು ಸಲ ನಾಟಿ. ಬ್ಯಾಚಿಗೆ ಐವತ್ತರ ಆಸುಪಾಸು, ಎಲ್ಲಾ ಒಂದು ದಿನದ ಮರಿ. ಸಾವಿರಗಟ್ಟಲೆ ಸಾಕೋರು ಪೈಪ್‌ಲೈನು, ಪ್ರೆಶರ್ ರೆಗ್ಯುಲೇಟರು ಹಾಕಿಸ್ತಾರೆ, ಅವರ ಲೆಕ್ಕ ಬೇರೆ.

ಫೌಂಟ್ ಗೊತ್ತಲ್ಲ, ಡಬ್ಬಿಗೆ ನೀರು ತುಂಬಿ ಕೆಂಪು ತಟ್ಟೆ ಮೇಲೆ ಬೋರಲು ಹಾಕೋದು. ಇದರಲ್ಲಿ ಕಲಿಸೋ ಕೆಲಸವೇ ಇಲ್ಲ. ಪೆಟ್ಟಿಗೆಯಿಂದ ಇಳಿಸುವಾಗ ನಾಲ್ಕಾರು ಮರಿಗಳ ಕೊಕ್ಕು ಅದ್ದಿಬಿಟ್ಟರೆ ಉಳಿದವು ನೋಡಿ ಕುಡೀತವೆ. ಗೋಳು ಶುರುವಾಗೋದು ಆಮೇಲೆ. ಮರಿಗಳು ಕೆದರಿದ ಭತ್ತದ ಹೊಟ್ಟು ಪೂರ್ತಿ ತಟ್ಟೆಯೊಳಗೆ, ಅದರ ಮೇಲೆ ಹಿಕ್ಕೆ. ಬೆಳಗ್ಗೆ ತೊಳೆದಿಟ್ಟು ಕಾಫಿ ಕುಡಿದು ಬರೋಷ್ಟರಲ್ಲಿ ನೀರು ಕಂದು. ಇಟ್ಟಿಗೆ ಮೇಲೆ ಎತ್ತಿಟ್ಟರೆ ಇಟ್ಟಿಗೇನೇ ಹತ್ತಿ ನಿಲ್ತವೆ. ಸುತ್ತ ಒದ್ದೆ ಹೊಟ್ಟು, ಮೇಲಿಂದ ಬ್ರೂಡರ್ (ತಾಯಿಯಿಲ್ಲದ ಮರಿಗಳನ್ನ ಬೆಚ್ಚಗಿಡೋ ಗೂಡು) ಬಲ್ಬಿನ ಕಾವು. ರಕ್ತಭೇದಿ ತರೋ ಕಾಕ್ಸಿಡಿಯಾಗೆ ಬೇಕಾಗಿರೋದೂ ಅವೆರಡೇ.

ಕಪ್ ಡ್ರಿಂಕರ್, ಅಂದರೆ ವಾಲ್ವಿನಿಂದ ನೀರು ತುಂಬಿಕೊಳ್ಳೋ ಸಣ್ಣ ಬಟ್ಟಲು, ಅದರ ಬಗ್ಗೆ ಹೆಚ್ಚು ಹೇಳೋದಿಲ್ಲ. ನೀರು ಕಣ್ಣಿಗೆ ಕಾಣುತ್ತೆ, ಮರಿ ತಾನಾಗೇ ಕುಡಿಯುತ್ತೆ. ಆದರೆ ವಾಲ್ವಿನ ಸಂದಿಗೆ ಹೊಟ್ಟಿನ ಒಂದು ಚೂರು ಸಿಕ್ಕಿಕೊಂಡರೆ ಬಕೆಟ್ ಪೂರ್ತಿ ನೆಲಕ್ಕೆ.

ನನ್ನ ದುಡ್ಡು ತಿಂದದ್ದು ಸೈಡ್ ನಿಪ್ಪಲ್. ಬಕೆಟ್ಟಿನ ಪಕ್ಕಕ್ಕೆ ಕೂರಿಸೋದು, ನೇತುಹಾಕೋ ರಗಳೆ ಇಲ್ಲ, ತೊಟ್ಟಿಕ್ಕೋದೂ ಕಮ್ಮಿ. ಮಾರಿದವರು ಎಲ್ಲಾ ವಯಸ್ಸಿಗೂ ಆಗುತ್ತೆ ಅಂದಿದ್ರು. ಒಳಗಿನ ಸ್ಪ್ರಿಂಗು ಒಂದು ದಿನದ ಮರಿಯ ಕೊಕ್ಕಿಗೆ ಜಗ್ಗೋದೇ ಇಲ್ಲ. ಮರಿ ಬರುತ್ತೆ, ಕುಟುಕುತ್ತೆ, ನೀರು ಬರಲಿಲ್ಲ ಅಂತ ಹೊರಟುಹೋಗುತ್ತೆ. ತಿಂಗಳು ತುಂಬಿದ ಮೇಲೆ ಅದೇ ಮರಿ ಅದೇ ನಿಪ್ಪಲ್‌ನಲ್ಲಿ ಸಲೀಸಾಗಿ ಕುಡಿಯುತ್ತೆ, ಅದರಲ್ಲಿ ತಕರಾರಿಲ್ಲ. ಅಲ್ಲಿವರೆಗೆ ಏನು ಮಾಡೋದು ಅನ್ನೋದೇ ಪ್ರಶ್ನೆ.

ಇನ್ನು ಕೆಳಮುಖದ ನಿಪ್ಪಲ್. ನಮ್ಮತ್ತೆಗೆ ಇದು ಮೊದಲಿಂದಲೂ ಹಿಡಿಸಲಿಲ್ಲ. "ಕೋಳಿ ಬಗ್ಗಿ ನೀರು ತಗೊಂಡು ತಲೆ ಎತ್ತಿ ನುಂಗಬೇಕು, ಇದೇನು ಆಕಾಶ ನೋಡ್ಕೊಂಡು ಕುಡಿಯೋದು" ಅಂತಾರೆ. ಕೋಳಿ ಹೇಗೂ ತಲೆ ಎತ್ತಿದರೆ ತಾನೇ ನೀರು ಒಳಗಿಳಿಯೋದು, ಬಗ್ಗೋ ಕೆಲಸ ಉಳಿಯಿತು ಬಿಡಿ ಅಂತ ನಾನು.

ಕಲಿಸೋದು ಹೇಗೆ ಅಂದರೆ, ನಾಟಿ ಮರಿಗೆ ತಾಯಿ ಇರುತ್ತೆ. ಅದು ಕೊಕ್ಕಲ್ಲಿ ಕುಟ್ಟಿ ತೋರಿಸಿದ್ದನ್ನೇ ಮರಿಯೂ ಕುಟುಕುತ್ತೆ. ಬ್ರೂಡರ್ ಮರಿಗೆ ಆ ಕೆಲಸ ನಮ್ಮ ಬೆರಳಿಂದು. ಕಡ್ಡಿಯನ್ನ ಬೆರಳ ತುದಿಯಿಂದ ಟಕಟಕ ತಟ್ತಾ ಇದ್ದರೆ ತುದಿಯಲ್ಲಿ ಒಂದು ಹನಿ ನಿಲ್ಲುತ್ತೆ. ಮರಿಗೆ ಹೊಳೆಯೋದು ಕಂಡರೆ ಕುಟುಕದೆ ಇರೋಕಾಗಲ್ಲ. ಒಂದು ಮರಿ ಬಾಯಿ ಒದ್ದೆ ಮಾಡಿಕೊಂಡರೆ ಪಕ್ಕದ್ದು ಬರುತ್ತೆ, ಅದರ ಹಿಂದೆ ಇನ್ನೊಂದು. ಐವತ್ತಕ್ಕೂ ಪಾಠ ಹೇಳಬೇಕಿಲ್ಲ, ಚುರುಕಾದ ಐದಾರು ಮರಿ ಕಲಿತರೆ ಸಾಕು. ಬಕೆಟ್ಟು ಬಲ್ಬಿನ ನೇರ ಕೆಳಗೆ ಬೇಡ, ಮೊದಲ ವಾರದ 35 ಡಿಗ್ರಿ ಸೆಲ್ಸಿಯಸ್ ಕಾವಿಗೆ ನೀರೂ ಬಿಸಿಯಾಗುತ್ತೆ, ಬಿಸಿನೀರು ಅವು ಮುಟ್ಟಲ್ಲ. ಬೆಳಕು ಓರೆಯಾಗಿ ಬೀಳೋ ಕಡೆ ಇರಲಿ.

ನನ್ನ ತಲೆ ತಿಂದದ್ದು ಈ ಹನಿಯೇ. ಎರಡು ಥರದ ನಿಪ್ಪಲ್ ತಂದಿದ್ದೆ, ಅಗ್ಗದ್ದೊಂದು, ಸ್ಟೀಲ್ ಕಡ್ಡಿಯ ಒಳ್ಳೇದೊಂದು. ಅಗ್ಗದ್ದು ಸದಾ ಒಸರುತ್ತೆ, ತುದಿಯಲ್ಲಿ ಯಾವಾಗಲೂ ಹನಿ. ಮರಿಗಳು ನಾನು ಬೆರಳು ಹಾಕೋ ಮೊದಲೇ ಅದರಲ್ಲಿ ಕುಡಿಯೋಕೆ ಶುರು. ಒಳ್ಳೇದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತೆ, ಹನಿ ಇಲ್ಲ, ಮರಿಗೆ ಅದು ಬರೀ ಕಡ್ಡಿ. ಅಂದರೆ ಕಲಿಸೋಕೆ ಕಳಪೆ ನಿಪ್ಪಲ್ಲೇ ಮೇಲು! ಆದರೆ ವಾರ ಕಳೆಯೋದರೊಳಗೆ ಅದರ ಕೆಳಗಿನ ಹೊಟ್ಟು ಕೆಸರು, ಅಮೋನಿಯಾ ವಾಸನೆ. ಮತ್ತೆ ಫೌಂಟ್ ಕಾಲದ ಕಥೆಯೇ.

ಕೊನೆಗೆ ಹತ್ತಿದ ದಾರಿ ಇಷ್ಟು. ಒಳ್ಳೇ ನಿಪ್ಪಲ್ಲೇ ಹಾಕಿ, ಮೊದಲೆರಡು ದಿನ ಬಕೆಟ್ಟಿಗೆ ಕಾಲುಭಾಗ ಮಾತ್ರ ನೀರು. ಮೇಲಿನ ನೀರಿನ ಒತ್ತಡ ಕಮ್ಮಿ ಇದ್ದರೆ ಕಡ್ಡಿ ಹಗುರವಾಗಿ ಅಲ್ಲಾಡುತ್ತೆ, ಹನಿಯೂ ಜಾರದೆ ತುದಿಯಲ್ಲೇ ನಿಲ್ಲುತ್ತೆ. ಕೆಳಗೊಂದು ಸಣ್ಣ ಹನಿ ಬಟ್ಟಲು ಸಿಕ್ಕಿಸೋದು ಸಿಗುತ್ತೆ, ಬಿದ್ದ ಹನಿಯನ್ನೂ ಮರಿ ಅದರಲ್ಲೇ ಕುಡಿಯುತ್ತೆ. ಎಲ್ಲವೂ ಕಲಿತವು ಅನ್ನಿಸಿದಾಗ ಬಟ್ಟಲು ಕಿತ್ತು ಬಕೆಟ್ ತುಂಬಿ.

ಇದೆಲ್ಲ ಸರಿಹೋಯ್ತು ಅಂದುಕೊಳ್ಳುವಾಗ ಇನ್ನೊಂದು ಕಾಟ. ರೆಡಿಯಾಗಿ ತಂದ ಬಕೆಟ್ಟಿನಲ್ಲಿ ಬೆಳಗ್ಗೆ ನೀರು ಚೆನ್ನಾಗಿ ಬರೋದು, ಮಧ್ಯಾಹ್ನಕ್ಕೆ ಒಂದು ನಿಪ್ಪಲ್ಲಿನಲ್ಲೂ ಇಲ್ಲ. ಕಡ್ಡಿ ಅಲ್ಲಾಡುತ್ತೆ, ಬಕೆಟ್ಟಿನಲ್ಲಿ ನೀರಿದೆ, ಹನಿ ಮಾತ್ರ ಬೀಳಲ್ಲ. ಮುಚ್ಚಳ ಅಷ್ಟು ಬಿಗಿ, ನೀರು ಇಳಿದಷ್ಟು ಗಾಳಿ ಒಳಗೆ ಹೋಗೋಕೆ ದಾರಿಯೇ ಇಲ್ಲ. ದೊಡ್ಡ ಕೋಳಿಯಾದರೆ ಸಂಜೆ ಮತ್ತೆ ಬಂದು ಕುಟುಕುತ್ತೆ. ಈಗಷ್ಟೇ ಕಲಿತ ಮರಿ ನಾಲ್ಕು ಸಲ ಒಣ ಕಡ್ಡಿ ಕುಟುಕಿ ಆ ಕಡೆ ತಲೆ ಹಾಕೋದನ್ನೇ ಬಿಡುತ್ತೆ, ಪಾಠ ಮೊದಲಿಂದ. ಮುಚ್ಚಳದ ಅಂಚಿನ ಕೆಳಗೆ, ದೂಳು ಬೀಳದ ಕಡೆ, ಕಾದ ಮೊಳೆಯಿಂದ ಒಂದು ತೂತು ಹಾಕಿ. ಅಷ್ಟೇ ರಿಪೇರಿ. ಇಷ್ಟನ್ನ ಮಾರೋರೇ ಮಾಡಿ ಕೊಡಬಾರದಾ ಅಂತ ಈಗಲೂ ಸಿಟ್ಟು ಬರುತ್ತೆ.

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಕಡ್ಡಿ ಕೂರೋ ಜಾಗದಲ್ಲಿ ಬಿಳಿ ಹರಳು ಕಟ್ಟುತ್ತೆ, ಆಮೇಲೆ ಒಳ್ಳೇ ನಿಪ್ಪಲ್ಲೂ ಒಸರುತ್ತೆ. ಪ್ರತಿ ಬ್ಯಾಚ್ ಮುಗಿದ ಮೇಲೆ ಎಲ್ಲಾ ಬಿಚ್ಚಿ ವಿನಿಗರ್‌ನಲ್ಲೋ ನಿಂಬೆ ಉಪ್ಪಿನ ನೀರಲ್ಲೋ ರಾತ್ರಿ ನೆನೆಹಾಕ್ತೀನಿ. ಬೆಲ್ಲದ ನೀರನ್ನಂತೂ ನಿಪ್ಪಲ್ ಬಕೆಟ್ಟಿಗೆ ಹಾಕಲೇಬೇಡಿ, ಅಂಟಿಕೊಳ್ಳುತ್ತೆ. ಪ್ರಯಾಣದಿಂದ ಬಳಲಿ ಬಂದ ಮರಿಗೆ ಮೊದಲ ಕೆಲವು ಗಂಟೆ ಬೆಲ್ಲದ ನೀರು ಫೌಂಟಿನಲ್ಲೇ ಇರಲಿ.

ಫೌಂಟ್ ಯಾವಾಗ ತೆಗೀಬೇಕು ಅನ್ನೋದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಕೆಲವರು ವಾರಗಟ್ಟಲೆ ಎರಡನ್ನೂ ಜೊತೆಗಿಡ್ತಾರೆ. ನನ್ನ ಪ್ರಕಾರ ತೆರೆದ ನೀರು ಕಣ್ಮುಂದೆ ಇರೋವರೆಗೆ ಯಾವ ಮರಿಯೂ ಕಡ್ಡಿ ಕಡೆ ತಿರುಗಲ್ಲ. ಎರಡನೇ ದಿನ ಬೆಳಗ್ಗೆ, ನಾವು ಮನೆಯಲ್ಲೇ ಇದ್ದು ಆಗಾಗ ನೋಡೋಕಾಗೋ ದಿನ, ಫೌಂಟ್ ಎತ್ತಿಬಿಡ್ತೀನಿ. ಸಂಜೆ ಹತ್ತಾರು ಮರಿ ಹಿಡಿದು ಕತ್ತಿನ ಬುಡದ ಕಾಳಿನ ಚೀಲ ಮುಟ್ಟಿ ನೋಡ್ತೀನಿ. ಮೆತ್ತಗೆ ತುಂಬಿದ್ದರೆ ತಿಂದೂ ಇದೆ, ಕುಡಿದೂ ಇದೆ. ಮರಳಿನಂತೆ ಗಟ್ಟಿ ತರಿತರಿ ಸಿಕ್ಕರೆ ತಿಂದಿದೆ, ನೀರು ಸಿಕ್ಕಿಲ್ಲ. ಅಂಥವನ್ನ ಕೈಯಲ್ಲೇ ಹಿಡಿದು ಕೊಕ್ಕನ್ನ ಕಡ್ಡಿಗೆ ತಾಗಿಸಬೇಕು. ಗಟ್ಟಿ ಚೀಲದವೇ ಹೆಚ್ಚಿದ್ದರೆ ಹಟ ಬೇಡ, ರಾತ್ರಿಗೆ ಫೌಂಟ್ ವಾಪಸ್ ಇಡಿ. ಇನ್ನೊಂದು ಗುರುತು, ಮರಿ ತಿಂದ ಫೀಡಿನ ತೂಕಕ್ಕೆ ಹೆಚ್ಚುಕಮ್ಮಿ ಎರಡರಷ್ಟು ನೀರು ಇಳಿದಿರಬೇಕು.

ಎತ್ತರ: ಮೊದಲೆರಡು ದಿನ ಕಡ್ಡಿಯ ತುದಿ ಮರಿಯ ಕಣ್ಣಿನ ಮಟ್ಟಕ್ಕೆ, ಆಮೇಲೆ ಕತ್ತು ಚಾಚಿ ಕುಡಿಯೋಷ್ಟು ಮೇಲೆ. ಗಿರಿರಾಜ ಬೇಗ ಬೆಳೆಯುತ್ತೆ, ಹಗ್ಗಕ್ಕೆ ಗಂಟು ಹಾಕಿಟ್ಟುಕೊಂಡರೆ ಏರಿಸೋದು ಸುಲಭ.

ದುಡ್ಡಿನ ವಿಷಯ. ಹತ್ತು-ಹನ್ನೆರಡು ಮರಿಗೆ ಒಂದು ನಿಪ್ಪಲ್, ಐವತ್ತಕ್ಕೆ ಐದು ಸಾಕು. ಮನೆಯಲ್ಲಿರೋ ಹಳೇ ಪೇಂಟ್ ಬಕೆಟ್ ಚೆನ್ನಾಗಿ ತೊಳೆದು ತಳಕ್ಕೆ ತೂತು ಹಾಕಿಕೊಂಡರೆ ಖರ್ಚು ನಿಪ್ಪಲ್‌ದು ಮಾತ್ರ. ಬೆಳಕು ತೂರದ ಬಣ್ಣದ್ದಾಗಿರಲಿ, ಇಲ್ಲದಿದ್ದರೆ ಪಾಚಿ. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರೋರು ಮೊದಲ ವಾರ ಫೌಂಟಿನಲ್ಲೇ ಕಳೆದು, ರಜೆ ದಿನ ನೋಡಿ ಬದಲಾಯಿಸಿ. ಒಂದು ವಾರದ ಮರಿಯೂ ಕಲಿಯುತ್ತೆ, ಸ್ವಲ್ಪ ಹಟ ಮಾಡುತ್ತೆ ಅಷ್ಟೆ. ಫೌಂಟ್‌ಗಳನ್ನ ಗುಜರಿಗೆ ಹಾಕಬೇಡಿ, ಗಂಬೊರೊ ಅನ್ನೋ ಕೋಳಿ ರೋಗಕ್ಕೆ ನೀರಲ್ಲಿ ಕೊಡೋ ಲಸಿಕೆಗೆ ಅವು ಬೇಕೇ ಬೇಕು. ಒಂದೆರಡು ಗಂಟೆಯೊಳಗೆ ಎಲ್ಲಾ ಮರಿ ಕುಡಿದು ಮುಗಿಸಬೇಕಲ್ಲ, ಐದು ಕಡ್ಡಿಯಲ್ಲಿ ಅದು ಆಗೋ ಮಾತಲ್ಲ.