ಗೈಡ್ ನಿವೃತ್ತಿಯ ತಾರೀಖು ಕೇಳದೆ ಪಿಎಚ್‌ಡಿಗೆ ಸೇರಬೇಡಿ

ಪಿಎಚ್‌ಡಿಗೆ ಅರ್ಜಿ ಕರೆದಾಗಲೆಲ್ಲ ಪರಿಚಯದ ಹುಡುಗ ಹುಡುಗಿಯರಿಂದ ನನಗೆ ಫೋನ್ ಬರುತ್ತದೆ. "ಅಕ್ಕಾ, ಯಾವ ಯೂನಿವರ್ಸಿಟಿ ಒಳ್ಳೇದು? ಯಾವ ಟಾಪಿಕ್ ತಗೊಳ್ಳಲಿ?" ಅಂತ ಕೇಳುತ್ತಾರೆ. ಟಾಪಿಕ್ ಆಮೇಲೆ ನೋಡೋಣ, ನಿನ್ನ ಗೈಡ್ (ಸಂಶೋಧನೆಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರು) ಯಾವಾಗ ರಿಟೈರ್ ಆಗ್ತಾರೆ, ಮೊದಲು ಅದನ್ನು ತಿಳ್ಕೊಂಡು ಬಾ ಅನ್ನುತ್ತೇನೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. 2019ರಲ್ಲಿ ನನಗೂ ಯಾರಾದರೂ ಹೀಗೆ ಹೇಳಿದ್ದರೆ ವಿಚಿತ್ರ ಅನ್ನಿಸುತ್ತಿತ್ತೇನೋ. ಆದರೆ ಯಾರೂ ಹೇಳಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಓದಿದ್ದು ನಮ್ಮ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ. ಹೆಸರು ಬೇಡ. ನನ್ನ ಕಥೆ ಕೇಳಿದ ಬೇರೆ ಬೇರೆ ಯೂನಿವರ್ಸಿಟಿಯ ಗೆಳತಿಯರು "ನಮ್ಮಲ್ಲೂ ಇದೇ ಕಣೇ" ಅಂದಿದ್ದಾರೆ. ಎಂ.ಎ. ಅರ್ಥಶಾಸ್ತ್ರ ಮುಗಿಸಿ ಅದೇ ವಿಭಾಗದಲ್ಲಿ ಪಿಎಚ್‌ಡಿಗೆ ಸೇರಿದೆ. ನಮ್ಮ ಮನೆಯಲ್ಲಿ ಡಿಗ್ರಿ ದಾಟಿದವಳು ನಾನೊಬ್ಬಳೇ. ಅಪ್ಪ ರೇಷ್ಮೆ ಬೆಳೆಗಾರ. ಹಾಗಾಗಿ ಟಾಪಿಕ್ ಹುಡುಕಲು ನಾನು ದೂರ ಹೋಗಲಿಲ್ಲ. ರೇಷ್ಮೆ ಬೆಳೆಯುವ ಸಣ್ಣ ಕುಟುಂಬಗಳ ಆದಾಯ ಮತ್ತು ಸಾಲ, ಇದೇ ನನ್ನ ವಿಷಯ.

ಎಂ.ಎ. ಓದುವಾಗಲೇ ಒಂದು ಸೂಚನೆ ಕಣ್ಣೆದುರು ಇತ್ತು, ನನಗೆ ಅರ್ಥವಾಗಲಿಲ್ಲ ಅಷ್ಟೆ. ವಿಭಾಗದ ಬಾಗಿಲ ಪಕ್ಕ ಮರದ ನಾಮಫಲಕ ಇತ್ತು. ಅದರಲ್ಲಿ ಹತ್ತು ಸಾಲು. ಏಳು ಸಾಲಿನಲ್ಲಿ ಹೆಸರಿನ ಪಟ್ಟಿ ಕಿತ್ತು ತೆಗೆದಿದ್ದರು, ಮೊಳೆಯ ತೂತು ಮಾತ್ರ ಉಳಿದಿತ್ತು. ಉಳಿದ ಮೂರು ಹೆಸರು ಕಾಯಂ ಅಧ್ಯಾಪಕರದು. ಪಾಠದ ಬಹುಪಾಲು ಹೊತ್ತಿದ್ದವರು ಅತಿಥಿ ಉಪನ್ಯಾಸಕರು. ಅವರ ಪಾಠದ ಬಗ್ಗೆ ನನಗೆ ಒಂದು ದೂರೂ ಇಲ್ಲ. ನನಗೆ ಎಕನಾಮೆಟ್ರಿಕ್ಸ್ ತಲೆಗೆ ಹತ್ತಿದ್ದೇ ಒಬ್ಬ ಅತಿಥಿ ಉಪನ್ಯಾಸಕರಿಂದ. ಸಂಬಳ ತಿಂಗಳುಗಟ್ಟಲೆ ತಡವಾದಾಗಲೂ ಅವರು ಕ್ಲಾಸ್ ತಪ್ಪಿಸಿದವರಲ್ಲ. ಆದರೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಪಿಎಚ್‌ಡಿಗೆ ಗೈಡ್ ಆಗಬೇಕಾದರೆ ಕಾಯಂ ಅಧ್ಯಾಪಕರೇ ಆಗಿರಬೇಕು. ಅದೂ ಲೆಕ್ಕದ ಮೇಲೆ. ಒಂದು ಸಲಕ್ಕೆ ಪ್ರೊಫೆಸರ್ ಹತ್ತಿರ 8 ಜನ, ಅಸೋಸಿಯೇಟ್ ಪ್ರೊಫೆಸರ್ ಹತ್ತಿರ 6, ಅಸಿಸ್ಟೆಂಟ್ ಪ್ರೊಫೆಸರ್ ಹತ್ತಿರ 4. ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಈ ಲೆಕ್ಕ ಚೆನ್ನಾಗಿ ನೆನಪಿಟ್ಟುಕೊಳ್ಳಿ. ನನ್ನ ಕಷ್ಟವೆಲ್ಲ ಇದರಲ್ಲೇ ಇದೆ.

2019ರ ಆಗಸ್ಟ್‌ನಲ್ಲಿ ನೋಂದಣಿ ಆಯಿತು. ನಮ್ಮ ಸರ್ ಒಳ್ಳೆಯವರು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆ ಕೆಲಸ ಮಾಡಿಸಿದವರಲ್ಲ, ದುಡ್ಡು ಕೇಳಿದವರಲ್ಲ. ನಾನು ಬರೆದದ್ದನ್ನು ಸಾಲು ಸಾಲಾಗಿ ಓದಿ ಪೆನ್ಸಿಲ್‌ನಲ್ಲಿ ತಿದ್ದುತ್ತಿದ್ದರು. ಸೇರುವಾಗ ಒಂದು ಮಾತು ಹೇಳಿದ್ದರು. "ನನಗಿನ್ನು ಪೂರ್ತಿ ಮೂರು ವರ್ಷ ಸರ್ವಿಸ್ ಇಲ್ಲಮ್ಮ, ಅಷ್ಟರೊಳಗೆ ಮುಗಿಸಿಬಿಡೋಣ." ನಾನು "ಆಯ್ತು ಸರ್" ಅಂದೆ. ಪಿಎಚ್‌ಡಿಗೆ ಕನಿಷ್ಠ ಅವಧಿಯೇ 3 ವರ್ಷ ಅನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅಂತ ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಕೋರ್ಸ್‌ವರ್ಕ್ ಮುಗಿಯುವಷ್ಟರಲ್ಲಿ ಲಾಕ್‌ಡೌನ್ ಬಂತು. ಫೀಲ್ಡ್‌ವರ್ಕ್ ಶುರುವಾಗಿದ್ದು 2020ರ ಕೊನೆಗೆ. ಶಿಡ್ಲಘಟ್ಟ ಸುತ್ತಲಿನ ಹಳ್ಳಿಗಳಲ್ಲಿ 240 ಕುಟುಂಬಗಳಿಂದ ಪ್ರಶ್ನಾವಳಿ ತುಂಬಿಸಿದೆ. ಈ ಕೆಲಸ ಹೇಗಿರುತ್ತದೆ ಗೊತ್ತಾ? ಹುಳ ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದ ಮೇಲೆ ಆ ಮನೆಯವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಹಗಲು ರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು. ಹುಳ ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ದಿನ ಹೋದರಂತೂ ಯಾರೂ ತಲೆ ಎತ್ತಿ ಮಾತಾಡುವುದಿಲ್ಲ, ಮನೆಮಂದಿಯೆಲ್ಲ ಹುಳ ಆರಿಸಿ ಚಂದ್ರಿಕೆಗೆ (ಹುಳ ಗೂಡು ಕಟ್ಟುವ ತಟ್ಟೆಗೆ) ಬಿಡುತ್ತಿರುತ್ತಾರೆ. ನಾನು ಅದೇ ಮನೆತನದವಳಾದ್ದರಿಂದ ಯಾವ ಮನೆಗೆ ಯಾವ ದಿನ ಹೋಗಬೇಕು ಅಂತ ಗೊತ್ತಿತ್ತು. ಗೂಡು ಬಿಡಿಸುತ್ತಾ ಕೂತವರ ಜೊತೆ ನಾನೂ ಗೂಡು ಬಿಡಿಸುತ್ತಾ ಪ್ರಶ್ನೆ ಕೇಳುತ್ತಿದ್ದೆ. ಆ ಫಾರಂಗಳಲ್ಲಿ ಎಷ್ಟೋ ಕಡೆ ಸೊಪ್ಪಿನ ಹಸಿರು ಕಲೆ ಇವತ್ತಿಗೂ ಇದೆ. ಎಂಟು ತಿಂಗಳ ದುಡಿಮೆ ಅದು.

2022ರ ಜೂನ್‌ನಲ್ಲಿ ಸರ್ ನಿವೃತ್ತರಾದರು. ಆಗ ನನ್ನ ಎರಡು ಅಧ್ಯಾಯ ಪೂರ್ತಿಯಾಗಿತ್ತು, ಮೂರನೆಯದು ಅರ್ಧ. ಬೀಳ್ಕೊಡುಗೆ ದಿನ ವಿಭಾಗದ ಮುಖ್ಯಸ್ಥರು ನನಗೂ ನನ್ನ ಜೊತೆಯ ಇಬ್ಬರು ಸ್ಕಾಲರ್‌ಗಳಿಗೂ ಹೇಳಿದರು, "ಏನೂ ಯೋಚನೆ ಮಾಡಬೇಡಿ, ಗೈಡ್ ಬದಲಾವಣೆ ಬರೀ ಫಾರ್ಮಾಲಿಟಿ, ಒಂದು ತಿಂಗಳಲ್ಲಿ ಆಗುತ್ತೆ."

ಅದು ಆಗಲು 16 ತಿಂಗಳು ಬೇಕಾಯಿತು.

ಯಾಕೆಂದರೆ ವಿಭಾಗದಲ್ಲಿ ಉಳಿದ ಕಾಯಂ ಅಧ್ಯಾಪಕರು ಇಬ್ಬರೇ. ಒಬ್ಬರು ಅಸೋಸಿಯೇಟ್, ಅವರ ಹತ್ತಿರ 6 ಜನ ಆಗಲೇ ಇದ್ದರು. ಇನ್ನೊಬ್ಬರು ಅಸಿಸ್ಟೆಂಟ್, ಅವರ ಹತ್ತಿರ 4. ಎರಡೂ ಕಡೆ ಭರ್ತಿ. ನಾವು ಮೂವರು ಎಲ್ಲಿ ಹೋಗಬೇಕು? ನಿವೃತ್ತರಾದವರ ಜಾಗಕ್ಕೆ ನೇಮಕಾತಿ ಇಲ್ಲ. ಬೇರೆ ವಿಭಾಗದ ಗೈಡ್ ತೆಗೆದುಕೊಳ್ಳಲು ಇನ್ನೊಂದು ಸಮಿತಿ ಒಪ್ಪಬೇಕು. ಆ ಸಮಿತಿಯ ಸಭೆ ಕರೆಯಬೇಕಾದ ಸಾಹೇಬರು ಪ್ರಭಾರದಲ್ಲಿದ್ದರು. ಕಾಯಂ ಅಧಿಕಾರಿ ಬರಲಿ ಅಂತ ಎಲ್ಲ ಫೈಲೂ ಕಾಯುತ್ತಿದ್ದವು.

ಆಡಳಿತ ಕಚೇರಿಯ ಪಿಎಚ್‌ಡಿ ಸೆಕ್ಷನ್‌ಗೆ ವಾರಕ್ಕೆ ಎರಡು ಸಲ ಹೋಗುತ್ತಿದ್ದೆ. "ಫೈಲ್ ಮೇಲೆ ಹೋಗಿದೆ ಮೇಡಂ, ಸೋಮವಾರ ಬನ್ನಿ." ಸೋಮವಾರ ಹೋದರೆ ಕೇಸ್ ವರ್ಕರ್ ರಜೆ. ಮುಂದಿನ ವಾರ ಹೋದರೆ ಅವರಿಗೆ ಬೇರೆ ಸೆಕ್ಷನ್‌ಗೆ ವರ್ಗ. ಹೊಸಬರು ಬಂದು "ಯಾವ ಫೈಲು? ಒಂದು ಅರ್ಜಿ ಕೊಟ್ಟು ಹೋಗಿ" ಅಂದರು. ಮೂರು ಅರ್ಜಿ ಕೊಟ್ಟೆ. ಮೊದಲ ಎರಡಕ್ಕೆ ನನ್ನ ಹತ್ತಿರ ಯಾವ ಸಾಕ್ಷಿಯೂ ಇಲ್ಲ. ಕೈಗೆ ಕೊಟ್ಟು ನಮಸ್ಕಾರ ಹೇಳಿ ಬಂದಿದ್ದೆ.

ಈ ನಡುವೆ ಆರು ತಿಂಗಳಿಗೊಮ್ಮೆ ಕೊಡಬೇಕಾದ ಪ್ರಗತಿ ವರದಿ ನಿಂತುಹೋಯಿತು. ಗೈಡ್ ಸಹಿ ಇಲ್ಲದೆ ತೆಗೆದುಕೊಳ್ಳಲ್ಲ ಅಂದರು. ಗೈಡೇ ಇಲ್ಲವಲ್ಲ ಸರ್ ಅಂದರೆ, ಅದು ನಮ್ಮ ಸೆಕ್ಷನ್ ಅಲ್ಲ ಅಂದರು. ಫೀಸು ಮಾತ್ರ ಪ್ರತಿ ವರ್ಷ ಕಟ್ಟಿಸಿಕೊಂಡರು. ನನಗೆ ಜೆಆರ್‌ಎಫ್ (ಸಂಶೋಧಕರಿಗೆ ತಿಂಗಳು ತಿಂಗಳು ಸಿಗುವ ಫೆಲೋಶಿಪ್) ಇರಲಿಲ್ಲ, ಮನೆಪಾಠ ಹೇಳಿ ಹೇಗೋ ಹಾಸ್ಟೆಲ್ ಬಿಲ್ ಕಟ್ಟುತ್ತಿದ್ದೆ. ಜೊತೆಯಲ್ಲಿದ್ದ ಹುಡುಗನಿಗೆ ಜೆಆರ್‌ಎಫ್ ಇತ್ತು. ಅವನ ಪಾಡು ಇನ್ನೂ ಕೆಟ್ಟದ್ದು. ಫೆಲೋಶಿಪ್ ದುಡ್ಡು ಬರಬೇಕಾದರೆ ಪ್ರತಿ ತಿಂಗಳು ವಿಶ್ವವಿದ್ಯಾಲಯದ ಕಡೆಯಿಂದ ಪೋರ್ಟಲ್‌ನಲ್ಲಿ ದೃಢೀಕರಣ ಆಗಬೇಕು. ಹಾಜರಾತಿಗೆ ಸಹಿ ಮಾಡುವ ಗೈಡ್ ಇಲ್ಲ ಅಂತ ಅದನ್ನೂ ನಿಲ್ಲಿಸಿದರು. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿಗೆ ಏರಿದೆ ಅಂತ ಎಲ್ಲರೂ ಸಂತೋಷಪಡುತ್ತಿದ್ದರು. ಅವನು ಆ ವರ್ಷ ಯುಗಾದಿಗೆ ಊರಿಗೆ ಹೋಗಲು ನನ್ನ ಹತ್ತಿರ ಬಸ್ ಚಾರ್ಜು ಕೇಳಿದ. ಮೂರನೆಯವಳು ಮದುವೆಯಾಗಿ ಬಿಟ್ಟೇ ಹೋದಳು. ಅವಳ ಕೆಲಸ ನಮ್ಮಿಬ್ಬರಿಗಿಂತ ಮುಂದಿತ್ತು. ಇದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ದಾರಿ ತೋರಿಸಿದ್ದು ಬೇರೆ ವಿಭಾಗದ ಒಬ್ಬ ಸೀನಿಯರ್ ಅಕ್ಕ. "ಬಾಯಲ್ಲಿ ಹೇಳಿದ್ದಕ್ಕೆ ಇಲ್ಲಿ ಬೆಲೆ ಇಲ್ಲ. ಟಪ್ಪಾಲಿನಲ್ಲಿ (ಪತ್ರ ತೆಗೆದುಕೊಳ್ಳುವ ಕೌಂಟರ್‌ನಲ್ಲಿ) ಕೊಡು, ಇನ್‌ವರ್ಡ್ ನಂಬರ್ (ಪತ್ರ ಬಂದದ್ದರ ದಾಖಲೆ ಸಂಖ್ಯೆ) ಹಾಕಿಸ್ಕೋ, ನಿನ್ನ ಕಾಪಿ ಮೇಲೆ ಸೀಲ್ ಒತ್ತಿಸ್ಕೋ" ಅಂದರು. 2023ರ ಜೂನ್‌ನ ಪ್ರಗತಿ ವರದಿಯನ್ನು ಹಾಗೇ ಕೊಟ್ಟೆ. ಗೈಡ್ ಸಹಿಯ ಜಾಗ ಖಾಲಿ ಬಿಟ್ಟು, ಮೇಲೆ ಒಂದು ಪತ್ರ ಇಟ್ಟೆ: ಇಂಥ ದಿನದಿಂದ ನನಗೆ ಗೈಡ್ ನೇಮಕವಾಗಿಲ್ಲ, ಆದ್ದರಿಂದ ಸಹಿ ಇಲ್ಲ. ಅಷ್ಟೇ. ಎರಡು ತಿಂಗಳಿಗೆ ನನಗೊಂದು ನೋಟಿಸ್ ಬಂತು. ಎರಡು ಪ್ರಗತಿ ವರದಿ ಬಂದಿಲ್ಲ, ನಿಮ್ಮ ನೋಂದಣಿಯನ್ನು ಯಾಕೆ ರದ್ದು ಮಾಡಬಾರದು ಅಂತ. ಕೈ ನಡುಗಿತು. ಆದರೆ ಆ ಸೀಲು ಒತ್ತಿದ ಕಾಪಿಯೇ ನನ್ನನ್ನು ಉಳಿಸಿತು. ಅದರ ಜೆರಾಕ್ಸ್ ಲಗತ್ತಿಸಿ ಉತ್ತರ ಕೊಟ್ಟೆ. ಆ ನೋಟಿಸ್ ಬಗ್ಗೆ ಆಮೇಲೆ ಯಾರೂ ಮಾತೆತ್ತಲಿಲ್ಲ.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಇದು ಗೊತ್ತಿರಲಿ. ಉದ್ದುದ್ದ ಕಷ್ಟ ತೋಡಿಕೊಂಡರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ನಾನು ಕೇಳಿದ್ದು ಇಷ್ಟೇ: ನಮ್ಮ ವಿಭಾಗದ ಪ್ರತಿ ಗೈಡ್ ಹತ್ತಿರ ಈಗ ಎಷ್ಟು ಸ್ಕಾಲರ್ ಇದ್ದಾರೆ, ಎಷ್ಟು ಸೀಟು ಖಾಲಿ ಇದೆ. ಉತ್ತರಕ್ಕೆ 30 ದಿನದ ಗಡುವು. 29ನೇ ದಿನ ಉತ್ತರ ಬಂತು. ನೋಡಿದರೆ ಅಸೋಸಿಯೇಟ್ ಮೇಡಂ ಹತ್ತಿರ ಇದ್ದ ಒಬ್ಬರು ಥೀಸಿಸ್ ಸಲ್ಲಿಸಿ ಆಗಲೇ ನಾಲ್ಕು ತಿಂಗಳಾಗಿತ್ತು! ಸೀಟು ಖಾಲಿ ಬಿದ್ದಿತ್ತು. ನಮಗೆ ಯಾರೂ ಹೇಳಿರಲಿಲ್ಲ. ಮೇಡಂ ಅವರಿಗೇ ಆಫೀಸಿನಿಂದ ಪತ್ರ ಹೋಗಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ನನ್ನ ಗೈಡ್ ಬದಲಾವಣೆ ಆದೇಶ ಕೈಗೆ ಬಂತು.

ಅಲ್ಲಿಗೆ ಮುಗಿಯಲಿಲ್ಲ. ಮೇಡಂ ನನ್ನ ಫಾರಂಗಳನ್ನು ನೋಡಿ, "ಇದು ಲಾಕ್‌ಡೌನ್ ಹೊತ್ತಿನ ಡೇಟಾ ಅಲ್ವಾ? ಆಮೇಲೆ ಗೂಡಿನ ರೇಟು ಎಲ್ಲಿಗೆಲ್ಲಿಗೋ ಹೋಯ್ತು. ಇದೊಂದನ್ನೇ ಇಟ್ಕೊಂಡು ವೈವಾಗೆ (ಮೌಖಿಕ ಪರೀಕ್ಷೆಗೆ) ಹೋದರೆ ಎಕ್ಸಾಮಿನರ್ ಮೊದಲ ಪ್ರಶ್ನೆ ಇದೇ ಕೇಳ್ತಾರೆ" ಅಂದರು. ಅವರು ಹೇಳಿದ್ದು ಸರಿ. 2024ರಲ್ಲಿ ಮತ್ತೆ ಅದೇ 240 ಮನೆ ಬಾಗಿಲಿಗೆ ಹೋದೆ. 31 ಕುಟುಂಬ ರೇಷ್ಮೆಯನ್ನೇ ಬಿಟ್ಟಿದ್ದವು. ಒಂದು ಮನೆಯಲ್ಲಿ ಹುಳು ಮನೆಯೊಳಗೆ ಹಸು ಕಟ್ಟಿದ್ದರು. ಆ ಮನೆಯ ಅಜ್ಜಿ ನನ್ನ ಗುರುತು ಹಿಡಿದು, "ಏನವ್ವಾ, ನಿನ್ನ ಪುಸ್ತಕ ಇನ್ನೂ ಮುಗೀಲಿಲ್ವಾ?" ಅಂದರು. ಏನು ಹೇಳಲಿ? ಕೂತು ಕಾಫಿ ಕುಡಿದು ಹೊಸ ಫಾರಂ ತೆಗೆದೆ.

ಈಗ ಸೇರಲು ಹೊರಟಿರುವವರಿಗೆ ಒಂದು ಅನುಕೂಲ ಇದೆ, ನನಗೆ ಇರಲಿಲ್ಲ. ಯುಜಿಸಿ 2022ರ ನವೆಂಬರ್‌ನಲ್ಲಿ ಹೊಸ ಪಿಎಚ್‌ಡಿ ನಿಯಮ ತಂದಿದೆ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಸರ್ವಿಸ್ ಇರುವವರು ಹೊಸ ಸ್ಕಾಲರ್‌ಗಳನ್ನು ತೆಗೆದುಕೊಳ್ಳುವಂತಿಲ್ಲ ಅಂತ ಅದರಲ್ಲಿ ನೇರವಾಗಿ ಇದೆ. ಈಗಾಗಲೇ ಇರುವ ಸ್ಕಾಲರ್‌ಗಳಿಗೆ ನಿವೃತ್ತಿಯ ನಂತರ ಸಹ ಮಾರ್ಗದರ್ಶಕರಾಗಿ 70 ವರ್ಷದವರೆಗೆ ಮುಂದುವರಿಯಬಹುದು. ಆದರೆ 3 ವರ್ಷದ ನಿಯಮ ಒಂದನ್ನೇ ನಂಬಿ ಕೂರಬೇಡಿ. ಪಿಎಚ್‌ಡಿ ಮೂರೇ ವರ್ಷಕ್ಕೆ ಮುಗಿದವರನ್ನು ನಮ್ಮ ವಿಭಾಗದಲ್ಲಿ ನಾನು ನೋಡಿಲ್ಲ. ಕನಿಷ್ಠ 6 ವರ್ಷ ಸರ್ವಿಸ್ ಇರುವವರನ್ನು ಹುಡುಕಿ. ಅವರ ಜೊತೆಗೆ ವಿಭಾಗದಲ್ಲಿ ಇನ್ನೂ ಇಬ್ಬರಾದರೂ ಕಾಯಂ ಅಧ್ಯಾಪಕರು ಇದ್ದಾರಾ, ಅವರ ಹತ್ತಿರ ಸೀಟು ಖಾಲಿ ಇದೆಯಾ ನೋಡಿ. ಇದನ್ನು ಕೇಳಲು ಸಂಕೋಚ ಬೇಡ. ಇಂಟರ್‌ವ್ಯೂ ದಿನ ಕೇಳಲು ಹೆದರಿಕೆಯಾದರೆ, ಹಿಂದಿನ ದಿನವೇ ಹೋಗಿ ಅಲ್ಲಿನ ಸ್ಕಾಲರ್‌ಗಳ ಜೊತೆ ಕ್ಯಾಂಟೀನ್‌ನಲ್ಲಿ ಒಂದು ಟೀ ಕುಡಿಯಿರಿ. ಅವರು ಎಲ್ಲಾ ಹೇಳುತ್ತಾರೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಹೆರಿಗೆ ಮತ್ತು ಮಗುವಿನ ಆರೈಕೆಗೆ ಒಟ್ಟು ಅವಧಿಯಲ್ಲಿ 240 ದಿನದವರೆಗೆ ರಜೆ ಸಿಗುತ್ತದೆ. ಗರಿಷ್ಠ ಅವಧಿಗೆ 2 ವರ್ಷ ಹೆಚ್ಚುವರಿ ಸಮಯವೂ ಇದೆ, ನಾನು ಈಗ ಇರುವುದೇ ಆ ಸಮಯದಲ್ಲಿ. ಮದುವೆಯಾಗಿ ಬೇರೆ ಊರಿಗೆ ಹೋದರೆ, ಮಾಡಿದ ಕೆಲಸದ ಸಮೇತ ಅಲ್ಲಿನ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಕೇಳಲು ಅವಕಾಶ ಇದೆ. ಇದು ನಮ್ಮ ಮೂರನೆಯವಳಿಗೆ ಆಗ ಗೊತ್ತಿದ್ದರೆ ಅವಳು ಬಿಡುತ್ತಿರಲಿಲ್ಲ.

ಆಗಲೇ ಸಿಕ್ಕಿಹಾಕಿಕೊಂಡಿರುವವರು ಸುಮ್ನೆ ಕೂರಬೇಡಿ. ಯುಜಿಸಿಯ 2023ರ ನಿಯಮದಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು, ವಿಶ್ವವಿದ್ಯಾಲಯಕ್ಕೆ ಒಬ್ಬ ಓಂಬುಡ್ಸ್‌ಪರ್ಸನ್ (ವಿದ್ಯಾರ್ಥಿಗಳ ಮೇಲ್ಮನವಿ ವಿಚಾರಿಸುವವರು) ಇರಬೇಕು. ಮೊದಲು ಸಮಿತಿಗೆ ಕೊಡಿ. ಅಲ್ಲಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಿ. ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಮೂವರು ಸೇರಿ ಸಹಿ ಮಾಡಿ ಕೊಟ್ಟರೆ ಒಳ್ಳೆಯದು. ನನ್ನ ಗೆಳೆಯನ ಬಾಕಿ ಫೆಲೋಶಿಪ್ ಬಿಡುಗಡೆಯಾಗಿದ್ದು ಇಂಥ ಒಂದು ದೂರಿನ ನಂತರವೇ.

ನನ್ನ ಸಿನಾಪ್ಸಿಸ್ (ಥೀಸಿಸ್‌ನ ಸಾರಾಂಶ) ಈಗ ಒಪ್ಪಿಗೆಯಾಗಿದೆ. ಥೀಸಿಸ್ ಬೈಂಡಿಂಗ್‌ಗೆ ಕೊಡುವುದು ಬಾಕಿ. ಗೈಡ್ ಇಲ್ಲದಿದ್ದಾಗ ನಾನು ಬರೆದ ಪತ್ರ, ಪ್ರಗತಿ ವರದಿಯ ಮೇಲಿನ ಒಕ್ಕಣೆ, ಮಾಹಿತಿ ಹಕ್ಕಿನ ಅರ್ಜಿ, ಎಲ್ಲದರ ಪ್ರತಿ ಇಟ್ಟುಕೊಂಡಿದ್ದೇನೆ. ಬೇಕಾದವರು ಮೆಸೇಜ್ ಮಾಡಿ, ಹೆಸರು ತೆಗೆದು ಕಳಿಸಿಕೊಡುತ್ತೇನೆ. ನಿಮ್ಮ ವಿವರ ಹಾಕಿಕೊಂಡು ನಾಳೆಯೇ ಟಪ್ಪಾಲಿಗೆ ಕೊಡಿ. ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.