ಲಿವರ್ ಕ್ಯಾನ್ಸರಿಗೆ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಮತ್ತು ಇಮೇಜ್ ಫ್ಯೂಷನ್: ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಎಂಆರ್‌ಐನಲ್ಲಿ ಸ್ಪಷ್ಟವಾಗಿ ಕಂಡ ಒಂದು ಸೆಂಟಿಮೀಟರಿನ ಗಂಟು ಸಾದಾ ಅಲ್ಟ್ರಾಸೌಂಡಿನಲ್ಲಿ ಎಷ್ಟು ಹುಡುಕಿದರೂ ಸಿಗದಿರಬಹುದು. ಸಿರೋಸಿಸ್ ಆದ, ಅಂದರೆ ಕಲೆಗಟ್ಟಿ ಗಡುಸಾದ ಲಿವರ್ ತುಂಬ ಗಂಟುಗಳೇ ಇರುವಾಗ ಸೂಜಿ ಹಾಕಬೇಕಾದ್ದು ಯಾವುದಕ್ಕೆ? ಈ ಜೋಡಿ ವಿಧಾನದ ನಿಜವಾದ ಬೆಲೆ ಗೊತ್ತಾಗುವುದು ಅಲ್ಲಿ. ಹಳೆಯ ಸಿಟಿ ಅಥವಾ ಎಂಆರ್‌ಐ ಚಿತ್ರವನ್ನು ಈಗಿನ ಅಲ್ಟ್ರಾಸೌಂಡಿನೊಂದಿಗೆ ಹೊಂದಿಸುವ ಫ್ಯೂಷನ್ ಜಾಗ ತೋರಿಸುತ್ತದೆ, ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್ ಆ ಜಾಗದ ರಕ್ತಸಂಚಾರ ತೋರಿಸುತ್ತದೆ.

ಇಲ್ಲಿನ ಕಾಂಟ್ರಾಸ್ಟ್ ಅಯೋಡಿನ್ ಅಲ್ಲ. ಸೋನೋವ್ಯೂ ಎಂದರೆ ಫಾಸ್ಫೋಲಿಪಿಡ್ ಪೊರೆಯೊಳಗೆ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ತುಂಬಿದ ಸೂಕ್ಷ್ಮ ಗುಳ್ಳೆಗಳು. ಅವು ರಕ್ತನಾಳ ಬಿಟ್ಟು ಹೊರಗೆ ಹೋಗುವುದಿಲ್ಲ. ಅನಿಲ ಉಸಿರಿನ ಮೂಲಕ ಹೊರಬೀಳುತ್ತದೆ. ಹಾಗಾಗಿ ಕಿಡ್ನಿ ದುರ್ಬಲವಾದವರಿಗೂ ಕೊಡಬಹುದು, ಇದು ದೊಡ್ಡ ಅನುಕೂಲ. ತೀವ್ರ ಅಲರ್ಜಿ ಬಹಳ ಅಪರೂಪ, ಆದರೂ ಪಾಲಿಎಥಿಲೀನ್ ಗ್ಲೈಕಾಲ್ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಲೇಬೇಕು, ತುರ್ತು ಔಷಧಿ ಕೈಗೆಟುಕುವಂತಿರಬೇಕು.

ಸೀಸೆಗೆ 5 ಮಿಲಿ ಸಲೈನ್ ಸೇರಿಸಿ 20 ಸೆಕೆಂಡು ಜೋರಾಗಿ ಕುಲುಕಬೇಕು. ಲಿವರಿಗೆ 2.4 ಮಿಲಿ, ಅದರ ಬೆನ್ನಿಗೇ 5 ಮಿಲಿ ಸಲೈನ್. ತೀರಾ ಸಣ್ಣ ಕ್ಯಾನುಲಾದಲ್ಲಿ ಒತ್ತಡಕ್ಕೆ ಗುಳ್ಳೆಗಳು ಒಡೆಯುತ್ತವೆ. 20 ಗೇಜ್ ಸೂಕ್ತ. ಇಟ್ಟಲ್ಲೇ ಇಟ್ಟರೆ ಗುಳ್ಳೆಗಳು ಮೇಲೇಳುವುದರಿಂದ ಮತ್ತೆ ಕುಲುಕದೆ ಎಳೆದ ಎರಡನೆಯ ಡೋಸ್ ಸಪ್ಪೆಯಾಗುತ್ತದೆ.

ಮೆಕ್ಯಾನಿಕಲ್ ಇಂಡೆಕ್ಸ್ (ಧ್ವನಿಯ ಬಲದ ಅಳತೆ) 0.1ಕ್ಕಿಂತ ಕೆಳಗಿರಲಿ. ಮೊದಲ 60 ಸೆಕೆಂಡು ಬಿಡದೆ ಕ್ಲಿಪ್ ದಾಖಲಿಸಿ, ಆಮೇಲೆ 30 ಸೆಕೆಂಡಿಗೊಮ್ಮೆ ಮಾತ್ರ ಪ್ರೋಬ್ ಇಟ್ಟು ನೋಡಬೇಕು. ಒಂದೇ ಜಾಗಕ್ಕೆ ಸತತ ಧ್ವನಿ ಬಿಟ್ಟರೆ ಗುಳ್ಳೆಗಳು ಅಲ್ಲೇ ನಾಶವಾಗಿ, ಇಲ್ಲದ ಮಂಕಾಗುವಿಕೆ, ಅಂದರೆ ವಾಷ್‌ಔಟ್ ಕಾಣಿಸುತ್ತದೆ. ಸಿರೋಸಿಸ್‌ನಂಥ ಅಪಾಯವಿರುವವರಲ್ಲಿ 10 ಮಿಮೀ ಅಥವಾ ಅದಕ್ಕಿಂತ ದೊಡ್ಡ ಗಂಟು ಆರ್ಟೀರಿಯಲ್ ಹಂತದಲ್ಲಿ, ಅಂದರೆ ಅಪಧಮನಿಯ ರಕ್ತ ಮೊದಲು ತಲುಪುವಾಗ, ಹೊಳೆದು, 60 ಸೆಕೆಂಡಿನ ನಂತರ ಮೆಲ್ಲಗೆ ಮಂಕಾದರೆ ಹೆಪಟೋಸೆಲ್ಯುಲಾರ್ ಕಾರ್ಸಿನೋಮಾ (ಲಿವರ್ ಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್), ಲೈ-ರಾಡ್ಸ್ ಎಂಬ ಲಿವರ್ ಗಂಟುಗಳ ವರ್ಗೀಕರಣದಲ್ಲಿ ಎಲ್‌ಆರ್-5. ಅಂಚು ಮಾತ್ರ ಉಂಗುರದಂತೆ ಹೊಳೆದರೆ ಅಥವಾ 60 ಸೆಕೆಂಡಿನೊಳಗೇ ಮಂಕಾದರೆ ಎಲ್‌ಆರ್-ಎಂ: ಪಿತ್ತನಾಳದ ಕ್ಯಾನ್ಸರ್ ಅಥವಾ ಬೇರೆಡೆಯಿಂದ ಹರಡಿದ್ದೂ ಇರಬಹುದು, ಬಯಾಪ್ಸಿ ಬೇಕಾಗುತ್ತದೆ. ಕೆಲವು ಗಡ್ಡೆಗಳಲ್ಲಿ ವಾಷ್‌ಔಟ್ ಬರುವುದು ಮೂರು ನಿಮಿಷದ ಮೇಲೆ. ಎರಡು ನಿಮಿಷಕ್ಕೇ ಪ್ರೋಬ್ ಎತ್ತಿಟ್ಟವರಿಗೆ ಅದು ಕಾಣುವುದೇ ಇಲ್ಲ.

ಫ್ಯೂಷನ್ನಿನ ಕಷ್ಟವೆಲ್ಲ ರಿಜಿಸ್ಟ್ರೇಷನ್ನಿನಲ್ಲಿ, ಅಂದರೆ ಎರಡು ಚಿತ್ರಗಳ ಹೊಂದಿಕೆಯಲ್ಲಿ. ಜಿಇಯ ವಿ-ನ್ಯಾವ್, ಫಿಲಿಪ್ಸ್‌ನ ಪರ್ಕ್ಯುನ್ಯಾವ್, ಕ್ಯಾನನ್‌ನ ಸ್ಮಾರ್ಟ್ ಫ್ಯೂಷನ್, ಯಾವುದಾದರೂ ತತ್ವ ಒಂದೇ: ರೋಗಿಯ ಪಕ್ಕದಲ್ಲಿ ಕಾಂತಕ್ಷೇತ್ರದ ಟ್ರಾನ್ಸ್‌ಮಿಟರ್, ಪ್ರೋಬಿನ ಮೇಲೆ ಸೆನ್ಸರ್. ಹತ್ತಿರ ಕಬ್ಬಿಣವಿದ್ದರೆ ಸ್ಥಾನ ಜಾರುತ್ತದೆ. ಸಿಟಿ ಅಥವಾ ಎಂಆರ್‌ಐ ಸ್ಲೈಸುಗಳು 1–2 ಮಿಮೀ ಇದ್ದಷ್ಟು ಒಳ್ಳೆಯದು. 5 ಮಿಮೀ ಸ್ಲೈಸಿನಲ್ಲಿ ಸಣ್ಣ ಗಂಟು ಕಳೆದೇಹೋಗಬಹುದು. ಎಡ ಪೋರ್ಟಲ್ ರಕ್ತನಾಳದ ಅಂಬಿಲಿಕಲ್ ಭಾಗದಲ್ಲಿ ಮೊದಲ ಹೊಂದಿಕೆ ಮಾಡಿ, ನಂತರ ಗಂಟಿನ ಹತ್ತಿರದ ಕವಲಿನಲ್ಲಿ ಸರಿಪಡಿಸಬೇಕು. ಆ ಎರಡನೆಯ ಹೆಜ್ಜೆಯನ್ನು ಬಿಟ್ಟುಬಿಡುವವರೇ ಹೆಚ್ಚು, ತಪ್ಪಾಗುವುದೂ ಅಲ್ಲೇ. ಸಿಟಿ ತೆಗೆದದ್ದು ಉಸಿರೆಳೆದು ಹಿಡಿದಾಗ, ಈಗ ರೋಗಿ ಎಡಕ್ಕೆ ಹೊರಳಿ ಮೆಲ್ಲನೆ ಉಸಿರಾಡುತ್ತಿದ್ದಾರೆ ಎಂದರೆ ಲಿವರ್ ಜರುಗಿ ಆಕಾರವನ್ನೂ ಬದಲಿಸಿರುತ್ತದೆ. ಆಕಾರ ಬದಲಿಸದೆ ಚಿತ್ರವನ್ನು ಸರಿಸುವ ಮೆಷಿನ್ನಿನ ಬಿಗಿ ಹೊಂದಿಕೆಗೆ ಅದು ತಿಳಿಯುವುದಿಲ್ಲ. ಭಂಗಿ ಬದಲಾದಾಗಲೆಲ್ಲ ಹೊಸದಾಗಿ ಹೊಂದಿಸಲೇಬೇಕು.

ನಮಗೆ ಅತ್ಯಂತ ಮೆಚ್ಚುಗೆಯಾದದ್ದು ಅಬ್ಲೇಷನ್, ಅಂದರೆ ಗಡ್ಡೆಯನ್ನು ಸೂಜಿಯಿಂದ ಸುಟ್ಟ ನಂತರದ ಬಳಕೆ. ಸುಟ್ಟ ಭಾಗ ಗಡ್ಡೆಗಿಂತ ದೊಡ್ಡದಾಗಿ ಕಂಡರೂ ಒಂದು ಬದಿಗೆ ಸರಿದಿರಬಹುದು. ಹಳೆಯ ಚಿತ್ರದ ಗಡ್ಡೆಯ ಅಂಚನ್ನು ಕಾಂಟ್ರಾಸ್ಟ್ ಹೋಗದ ಜಾಗದ ಮೇಲೆ ಕೂರಿಸಿದರೆ, ಸುತ್ತಲೂ 5 ಮಿಮೀ ಅಂಚು ಸಿಕ್ಕಿದೆಯೇ ಎಂದು ರೋಗಿ ಮೇಜಿನ ಮೇಲಿರುವಾಗಲೇ ಗೊತ್ತಾಗುತ್ತದೆ. ಸುಟ್ಟ ತಕ್ಷಣ ನೋಡಿದರೆ ಅನಿಲದ ಬಿಳಿ ಮೋಡ ಎಲ್ಲವನ್ನೂ ಮುಚ್ಚುತ್ತದೆ, 10–15 ನಿಮಿಷ ಕಾಯಬೇಕು.

ಡಯಾಫ್ರಮ್ ಅಡಿಯ 8ನೇ ಸೆಗ್ಮೆಂಟ್ (ಲಿವರಿನ ಬಲಮೇಲ್ಭಾಗ), ಕೊಬ್ಬು ತುಂಬಿದ ಲಿವರ್, ಆಳದ ಗಂಟು: ಇಲ್ಲಿ ಫ್ಯೂಷನ್ ಗುರುತು ತೋರಿಸಿದರೂ ಧ್ವನಿ ತಲುಪದೆ ಕಾಂಟ್ರಾಸ್ಟ್ ಸೋಲುತ್ತದೆ. ಒಂದು ಡೋಸಿಗೆ ಸಾಮಾನ್ಯವಾಗಿ ಒಂದೇ ಗಂಟಿನ ಆರ್ಟೀರಿಯಲ್ ಹಂತ ಸಿಗುವುದರಿಂದ ಕ್ಯಾನ್ಸರ್ ಎಷ್ಟು ಹರಡಿದೆ ಎಂದು ಅಳೆಯುವ ಸ್ಟೇಜಿಂಗ್‌ಗೆ ಸಿಟಿ, ಎಂಆರ್‌ಐ ಬೇಕೇ ಬೇಕು. ಸೋನಾಜಾಯ್ಡ್ ಎಂಬ ಇನ್ನೊಂದು ಗುಳ್ಳೆ ಕಾಂಟ್ರಾಸ್ಟ್ ಇರುವ ಕಡೆ ಕೊಂಚ ನಿರಾಳ: ಅದನ್ನು ಲಿವರಿನ ಕುಪ್ಫರ್ ಎಂಬ ರಕ್ಷಕ ಕೋಶಗಳು ನುಂಗುವುದರಿಂದ 10 ನಿಮಿಷದ ನಂತರ ಲಿವರ್ ಪೂರ್ತಿ ಜಾಲಾಡಿ, ಕಪ್ಪಾಗಿ ಉಳಿದ ಜಾಗಕ್ಕೆ ಗುರಿಯಿಟ್ಟು ಇನ್ನೊಂದು ಡೋಸ್ ಕೊಡಬಹುದು.

ವರದಿ ಕೈಗೆ ಬಂದಾಗ ಎರಡು ವಿಷಯ ನೋಡಿ: ವಾಷ್‌ಔಟ್ ಎಷ್ಟನೇ ಸೆಕೆಂಡಿಗೆ ಶುರುವಾಯಿತು, ಗಂಟಿನ ಬಳಿ ಹೊಂದಿಕೆ ಎಷ್ಟು ಮಿಮೀ ತಪ್ಪಿತ್ತು. ಇವು ಬರೆದಿಲ್ಲವಾದರೆ ದಾಖಲಿಸಿದ ಕ್ಲಿಪ್ ಕೇಳಿ ಪಡೆಯಿರಿ.